ಮುಚ್ಚಿದ ಗಣಿಯ ಪಕ್ಕ ಈಜುಕೊಳ: ರೂರ್ ಸೀಮೆಯಲ್ಲಿ ಐದು ದಿನ

ನಾನು ಕೆಜಿಎಫ್‌ನವನು. ಹಾಗಂದ ಕೂಡಲೇ ಜನ ಸಿನಿಮಾ ಸುದ್ದಿ ತೆಗೆಯುತ್ತಾರೆ. ಆ ಕಾಟಕ್ಕೆ ಈಗೀಗ ‘ಬಂಗಾರಪೇಟೆ ಕಡೆಯವನು’ ಅಂದುಬಿಡುತ್ತೇನೆ. ಅಪ್ಪ ಚಾಂಪಿಯನ್ ರೀಫ್‌ನಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದರು. ಗಂಟೆ ಎಷ್ಟು ಸಲ ಬಾರಿಸಿತು ಅಂತ ಕೇಳಿಸಿಕೊಂಡು, ಗಣಿಗಿಳಿಯುವವರ ಕೇಜು ಇಳಿಸುವುದು, ಎತ್ತುವುದು. ಮೂವತ್ತನಾಲ್ಕು ವರ್ಷ ಅದೇ ಕೆಲಸ. ಅವರು ರಿಟೈರಾದ ಮೂರನೇ ವರ್ಷ, 2001ರ ಫೆಬ್ರವರಿ 28ರಂದು, ಮೈನ್ಸ್ ಮುಚ್ಚಿತು. ಪಂಪು ನಿಂತಿತು, ಶಾಫ್ಟುಗಳಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಗಳಲ್ಲಿ, ನೀರು ತುಂಬಿತು. ನಮ್ಮ ಓಣಿಯ ಅರ್ಧ ಜನ ಬೆಳಗ್ಗೆ ಮಾರಿಕುಪ್ಪಂನಲ್ಲಿ ಬೆಂಗಳೂರು ರೈಲು ಹತ್ತಿ ರಾತ್ರಿ ಇಳಿಯುವವರಾದರು.

ತಂಗಿಯ ಮಗಳು ಜರ್ಮನಿಯ ಎಸ್ಸೆನ್‌ನಲ್ಲಿ ಕೆಲಸಕ್ಕಿದ್ದಾಳೆ. ಅದು ರೂರ್ ಸೀಮೆ, ಹಳೆಯ ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆಗಳ ನಾಡು. “ಮಾಮ, ಪ್ಯಾರಿಸ್ಸು, ಸ್ವಿಟ್ಜರ್ಲೆಂಡು ಎಲ್ಲರೂ ನೋಡ್ತಾರೆ. ನೀನು ಬಾ, ನಿಂಗೆ ಮೈನ್ಸ್ ತೋರಿಸ್ತೀನಿ” ಅಂದಳು. ಮೈನ್ಸ್ ನೋಡೋಕೆ ಅಷ್ಟು ದೂರ ಬರಬೇಕೇನೇ ಅಂತ ನಕ್ಕೆ. ಆಷಾಢದಲ್ಲಿ ಹೋದೆ.

ಮೊದಲನೇ ದಿನ

ಎಸ್ಸೆನ್ ಸ್ಟೇಷನ್ನಿನಿಂದ 107ನೇ ನಂಬರಿನ ಟ್ರಾಮ್. ಪೇಟೆ ದಾಟಿ ಉತ್ತರಕ್ಕೆ ಹೊರಟರೆ ಅಂಗಡಿಗಳ ಬೋರ್ಡು ಬದಲಾಗುತ್ತವೆ. ಟರ್ಕಿಯವರ ಬೇಕರಿ, ಮೊಬೈಲ್ ರಿಪೇರಿ, ಬಾಗಿಲು ಹಾಕಿದ ಎರಡು ಮೂರು ಮಳಿಗೆ. ಇದು ಊರಿನ ಬಡ ಮಗ್ಗುಲು ಅಂತ ಯಾರೂ ಹೇಳಬೇಕಿಲ್ಲ. ಅರ್ಧ ಗಂಟೆಯೊಳಗೆ ಮನೆಗಳ ತಲೆಯ ಮೇಲೆ ಅದು ಕಾಣಿಸಿತು. ನಮ್ಮಲ್ಲಿ ಅದಕ್ಕೆ ಹೆಡ್‌ಗೇರ್ ಅನ್ನುತ್ತೇವೆ: ಶಾಫ್ಟಿನ ಬಾಯಿಯ ಮೇಲೆ ನಿಲ್ಲಿಸಿದ ಕಬ್ಬಿಣದ ಗೋಪುರ, ತುದಿಯಲ್ಲಿ ಚಕ್ರ. ಇಲ್ಲಿಯದು 55 ಮೀಟರ್ ಎತ್ತರ, ಎರಡು ಕಡೆಗೂ ಕಾಲು ಚಾಚಿ ನಿಂತದ್ದು, ಮೈಯೆಲ್ಲ ಕೆಂಪು ಕಂದು. ಕೆಳಗೆ ದೊಡ್ಡಕ್ಷರದಲ್ಲಿ ತ್ಸೋಲ್‌ಫರೈನ್ ಎಂಬ ಹೆಸರು. ನನಗೆ ಕೈ ಎತ್ತಿ ಮುಗಿಯಬೇಕು ಅನ್ನಿಸಿತು, ಸುಮ್ಮನೆ ಟೋಪಿ ಸರಿಮಾಡಿಕೊಂಡೆ.

ಗಣಿ ಶುರುವಾದದ್ದು 1847ರಲ್ಲಿ. ಈ 12ನೇ ಶಾಫ್ಟು 1932ರದು. ಫ್ರಿಟ್ಸ್ ಶುಪ್ ಮತ್ತು ಮಾರ್ಟಿನ್ ಕ್ರೆಮರ್ ಎಂಬ ವಾಸ್ತುಶಿಲ್ಪಿಗಳು ಉಕ್ಕಿನ ಚೌಕಟ್ಟಿಗೆ ಇಟ್ಟಿಗೆ ತುಂಬಿ ಕಟ್ಟಿಸಿದ್ದು. ದಿನಕ್ಕೆ 12,000 ಟನ್ ಕಲ್ಲಿದ್ದಲು ಮೇಲೆ ಬರುತ್ತಿತ್ತಂತೆ. 1986ರ ಡಿಸೆಂಬರ್ 23ಕ್ಕೆ, ಕ್ರಿಸ್ಮಸ್ಸಿಗೆ ಎರಡು ದಿನ ಮುಂಚೆ, ಕೊನೆಯ ಶಿಫ್ಟು. ಗುಜರಿಗೆ ಹೋಗಬೇಕಾಗಿದ್ದದ್ದನ್ನು ರಾಜ್ಯ ಸರ್ಕಾರ ಕೊಂಡು ಉಳಿಸಿಕೊಂಡಿತು. ಆದರೆ ಉಳಿಸಿಕೊಂಡು ಮಾಡುವುದೇನು? ಅದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಉತ್ತರವಿಲ್ಲದ ಆ ಹೊತ್ತಿನಲ್ಲೇ ಒಳಗೆ ಬಂದವರು ಕಲಾವಿದರು. 1992ರಲ್ಲಿ ಉಲ್ರಿಷ್ ರ್‍ಯೂಕ್‌ರೀಮ್ ಎಂಬ ಶಿಲ್ಪಿ ದೊಡ್ಡ ದೊಡ್ಡ ಗ್ರಾನೈಟ್ ಬಂಡೆಗಳನ್ನು ತಂದು ಗಣಿಯ ಹಿಂದಿನ ಕಾಡಿನಲ್ಲಿ ನಿಲ್ಲಿಸಿದರು. ಕಾಡು ಅಂದರೆ ಯಾರೂ ನೆಟ್ಟದ್ದಲ್ಲ, ಗಣಿಯ ಕಸದ ಮೇಲೆ ತಾನೇ ಬೆಳೆದ ಬರ್ಚ್ ಮರಗಳು. ನಾವು ಅಲ್ಲಿ ಅಡ್ಡಾಡಿದೆವು. ಬಂಡೆಗಳು ಸುಮ್ಮನೆ ನಿಂತಿವೆ. ಕಲ್ಲು ಸೀಳಿದ ಗುರುತು ಅಂಚಿನಲ್ಲಿ ಹಾಗೇ ಬಿಟ್ಟಿದ್ದಾರೆ; ಕೋಲಾರದ ಕಡೆಯವನಿಗೆ ಅದೇನು ಹೊಸದಲ್ಲ, ಬೆರಳಿಟ್ಟು ಸವರಿ ಬಂದೆ.

ನಮಗೆ ಗಣಿ ತೋರಿಸಿದವರು ಎಪ್ಪತ್ತು ದಾಟಿದ ಹಿರಿಯರು, ಇಲ್ಲೇ ಕೆಳಗಿಳಿದು ದುಡಿದವರು. ಬಲಗೈ ಬೆರಳಿನ ಮೇಲೆ ನೀಲಿ ಗೆರೆಯೊಂದಿತ್ತು, ಹಚ್ಚೆಯ ಹಾಗೆ. ಗಾಯದೊಳಗೆ ಕಲ್ಲಿದ್ದಲ ಪುಡಿ ಸೇರಿ ಮೇಲೆ ಚರ್ಮ ಬೆಳೆದದ್ದು. ಸೊಸೆ ನನ್ನ ಊರಿನ ವಿಷಯ ಹೇಳಿದಳು. ಎಷ್ಟು ಆಳ ಅಂತ ಕೇಳಿದರು. 3,200 ಮೀಟರ್ ಅಂದೆ. ಅವರು ಸೊಸೆಯ ಕಡೆ ತಿರುಗಿ ಏನೋ ಕೇಳಿದರು.

“ಮುನ್ನೂರ ಇಪ್ಪತ್ತಾ ಅಂತ ಕೇಳ್ತಿದಾರೆ ಮಾಮ.”

“ಅಲ್ಲಮ್ಮ, ಮೂರು ಸಾವಿರದ ಇನ್ನೂರು ಅನ್ನು.”

ಅವರಿಗೆ ನಂಬಿಕೆ ಬರಲಿಲ್ಲ. ಅವರದು ಸಾವಿರ ಮೀಟರ್ ಚಿಲ್ಲರೆ. ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟರು, ನಾನು ಅವರ ಅಂಗೈ ಮೇಲೆ ಬರೆದೆ. ನೋಡಿ ಶಿಳ್ಳೆ ಹಾಕಿದರು. ಬಂಡೆಯ ಶಾಖ ಕೇಳಿದರು, 60 ಡಿಗ್ರಿ ಮೀರುತ್ತಿತ್ತು ಅಂದೆ. ಆಮೇಲೆ ಇಡೀ ಸುತ್ತಾಟದಲ್ಲಿ ಪ್ರತಿಯೊಂದನ್ನೂ ಮೊದಲು ನನಗೆ ತೋರಿಸಿ ಆಮೇಲೆ ಉಳಿದವರಿಗೆ ತೋರಿಸುತ್ತಿದ್ದರು. ಒಂದು ತರಹದ ಬಿಗುಮಾನ ನನಗೂ ಬಂತು, ಸುಳ್ಳು ಹೇಳಬಾರದು.

ಕೊನೆಯಲ್ಲಿ ಕೇಳಿದೆ, ಈ ಕಲಾವಿದರು ಬಂದಾಗ ನಿಮಗೆ ಏನನ್ನಿಸಿತು ಅಂತ. ಅವರು ಹೇಳಿದ್ದನ್ನು ಸೊಸೆ ಹೀಗೆ ಕನ್ನಡಿಸಿದಳು: “ಮೊದಮೊದಲು ಇವರನ್ನ ಕಂಡ್ರೆ ಆಗ್ತಿರಲಿಲ್ಲ. ನಮ್ಮ ಕೆಲಸ ಹೋಗಿದೆ, ಇವರು ಬಂದು ಕಲ್ಲು ನಿಲ್ಲಿಸ್ತಾರೆ. ಆದರೆ ಒಂದು ಮಾತು. ಗಣಿ ನಡೀತಿದ್ದಾಗ ಸುತ್ತ ಗೋಡೆ ಇತ್ತು, ನನ್ನ ಹೆಂಡತಿ ಒಂದಿನ ಒಳಗೆ ಬಂದವಳಲ್ಲ. ನಾನು ಎಲ್ಲಿ ಕೆಲಸ ಮಾಡ್ತಿದ್ದೆ ಅಂತ ಅವಳು ನೋಡಿದ್ದು ಗಣಿ ಮುಚ್ಚಿದ ಮೇಲೆ.” ಅಕ್ಕಪಕ್ಕದವರು ಆಗ ಇದನ್ನು ‘ನಿಷೇಧಿತ ನಗರ’ ಅನ್ನುತ್ತಿದ್ದರಂತೆ. ನನ್ನ ಅಮ್ಮನೂ ಅಪ್ಪನ ಎಂಜಿನ್ ರೂಮು ನೋಡಿದವಳಲ್ಲ.

ಬೀಳ್ಕೊಡುವಾಗ ಗಣಿಯವರ ನಮಸ್ಕಾರ ಹೇಳಿಕೊಟ್ಟರು, ‘ಗ್ಲುಕ್‌ಔಫ್’. ಹೋದವನು ಸುಖವಾಗಿ ಮೇಲೆ ಬರಲಿ ಎಂಬ ಹಾರೈಕೆ.

ಎರಡನೇ ದಿನ

ಮತ್ತೆ ಅಲ್ಲಿಗೇ. ಸೊಸೆಗೆ ಆಶ್ಚರ್ಯ, ಇನ್ನೂ ಹತ್ತು ಊರು ಲಿಸ್ಟ್ ಮಾಡಿಟ್ಟಿದ್ದಳು.

ಬೆಳಗ್ಗೆ ಬಾಯ್ಲರ್ ಮನೆ ನೋಡಿದೆವು. 1997ರಲ್ಲಿ ನಾರ್ಮನ್ ಫಾಸ್ಟರ್ ಅದನ್ನು ವಿನ್ಯಾಸದ ಮ್ಯೂಸಿಯಂ ಮಾಡಿಕೊಟ್ಟಿದ್ದಾರೆ. ಬಾಯ್ಲರುಗಳ ನಡುವೆ ಬಹುಮಾನ ಬಂದ ನಲ್ಲಿ, ಕುರ್ಚಿ, ಕೆಟಲ್ಲು. ಬಾಯ್ಲರು ಚೆನ್ನಾಗಿದೆ. ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡಕ್ಕೆ ಕಿತ್ತಳೆ ಬಣ್ಣದ ದೀಪ ಹಾಕಿದ ಎಸ್ಕಲೇಟರು, ಕಾದ ಕಬ್ಬಿಣ ಹರಿದ ಹಾಗೆ. ಒಳಗೆ 2010ರಿಂದ ರೂರ್ ಮ್ಯೂಸಿಯಂ. ಅದನ್ನು ಒಂದು ದಿನ ಇಟ್ಟುಕೊಂಡು ನೋಡಬೇಕು, ನಾನು ಒಂದೂವರೆ ಗಂಟೆಗೆ ಮುಗಿಸಿದೆ, ಕಾಲು ನೋವು.

ಮಧ್ಯಾಹ್ನ ಕಲ್ಲಿದ್ದಲಿನಿಂದ ಕೋಕ್ ಎಂಬ ಉರುವಲು ತಯಾರಿಸುತ್ತಿದ್ದ ಭಾಗಕ್ಕೆ ನಡೆದೆವು. ಸಾಲಾಗಿ ಕಪ್ಪು ಒಲೆಗಳು, ಕಣ್ಣು ಹಾಯುವಷ್ಟು ಉದ್ದಕ್ಕೆ. 1993ರಲ್ಲಿ ಆರಿದವು. ಮೂಲೆ ತಿರುಗಿದರೆ ಕಿರುಚಾಟ, ನೀರು ಎರಚುವ ಸದ್ದು. ಆ ತುಕ್ಕು ಹಿಡಿದ ಪೈಪುಗಳ ಕೆಳಗೆ ತೊಟ್ಟಿಯಷ್ಟು ನೀಲಿ, ಒಂದು ಈಜುಕೊಳ. ಎರಡು ಹಡಗಿನ ಕಂಟೇನರುಗಳನ್ನು ಸೇರಿಸಿ ಬೆಸುಗೆ ಹಾಕಿ ಮಾಡಿದ್ದು. 2001ರಲ್ಲಿ ಡಿರ್ಕ್ ಪಾಷ್ಕೆ, ಡಾನಿಯೆಲ್ ಮಿಲೋನಿಚ್ ಎಂಬ ಇಬ್ಬರು ಫ್ರಾಂಕ್‌ಫರ್ಟಿನ ಕಲಾವಿದರು ಇದನ್ನು ಕಲಾಕೃತಿಯಾಗಿ ಮಾಡಿದರು. ಕಲಾಕೃತಿ ಅನ್ನುವುದು ಪಟ್ಟಿಯಲ್ಲಿ ಮಾತ್ರ. ಬೇಸಿಗೆ ರಜೆ ಬಂದರೆ ಸುತ್ತಲ ಬಡಾವಣೆಯ ಮಕ್ಕಳಿಗೆ ಇದು ತಮ್ಮ ಕೊಳ. ಟಿಕೆಟ್ಟಿಲ್ಲ.

ಮರದ ಹಲಗೆಯ ಮೇಲೆ ಚಪ್ಪಲಿ ಬಿಟ್ಟು ಕೂತೆ. ಒಂಬತ್ತು ಹತ್ತು ವರ್ಷದ ಹುಡುಗನೊಬ್ಬ ಅಂಚಿಗೆ ಬರುತ್ತಾನೆ, ಮೂಗು ಹಿಡಿಯುತ್ತಾನೆ, ಕೆಳಗೆ ನೋಡುತ್ತಾನೆ, ವಾಪಸು ಹೋಗುತ್ತಾನೆ. ಹೀಗೆ ಆರು ಸಲ. ಏಳನೇ ಸಲ ಅವನಕ್ಕ ಇರಬೇಕು, ಹಿಂದಿನಿಂದ ಬಂದು ತಳ್ಳಿದಳು. ಮೇಲೆ ಬಂದು ಟರ್ಕಿ ಭಾಷೆಯಲ್ಲಿ ಬೈದ. ಬೈಗುಳಕ್ಕೆ ಅನುವಾದ ಬೇಕಾಗಲಿಲ್ಲ. ಪ್ರಪಂಚದಿಂದ ಪ್ರವಾಸಿಗರನ್ನು ಕರೆಸುವ ಕಟ್ಟಡಗಳ ನಡುವೆ, ಪಕ್ಕದ ಮನೆಯ ಮಗುವಿಗೆ ಅಂತ ಏನಾದರೂ ಮಾಡಬೇಕು ಎಂದು ಹೊಳೆದದ್ದು ಇಬ್ಬರು ಕಲಾವಿದರಿಗೆ, ಅದೂ ಎರಡು ಹಳೆ ಡಬ್ಬಿಯಲ್ಲಿ. ಈ ಐದು ದಿನದಲ್ಲಿ ನಾನು ಕಂಡದ್ದರಲ್ಲೆಲ್ಲ ಇದಕ್ಕೇ ನನ್ನ ಮೊದಲ ಓಟು.

ಸಂಜೆ ಸೊಸೆ ನೃತ್ಯಕ್ಕೆ ಟಿಕೆಟ್ ತೆಗೆದಿದ್ದಳು. ಜಾಗ, ಗಣಿಯ ಹಳೆಯ ಸ್ನಾನದ ಮನೆ. ಶಿಫ್ಟು ಮುಗಿಸಿ ಬಂದವರು ಮೈ ತೊಳೆಯುತ್ತಿದ್ದ ಕಟ್ಟಡ. ಬಟ್ಟೆಯನ್ನು ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದು ಸೂರಿಗೆ ಏರಿಸಿ ಬೀಗ ಹಾಕುತ್ತಿದ್ದರಂತೆ. ನೂರಾರು ಅಂಗಿಗಳು ತಲೆಯ ಮೇಲೆ ನೇತಾಡುತ್ತಿದ್ದವು ಅಂತ ನೆನ್ನೆಯ ಹಿರಿಯರು ಹೇಳಿದ್ದರು. 2002ರಿಂದ ಇದು ಪಾಕ್ಟ್ ಎಂಬ ನೃತ್ಯಕೇಂದ್ರ. ದೇಶ ದೇಶದ ನರ್ತಕರು ಇಲ್ಲಿ ತಂಗಿ ಹೊಸ ಕೆಲಸ ಕಟ್ಟುತ್ತಾರೆ. ಬಿಳಿ ಟೈಲ್ಸ್ ಕಿತ್ತಿಲ್ಲ. ಗೋಡೆಯಲ್ಲಿ ಸೋಪಿನ ಗೂಡು ಹಾಗೇ ಇದೆ. ನನ್ನ ಪಕ್ಕದ ಗೂಡಿನ ತಳ ಸವೆದು ನುಣುಪಾಗಿತ್ತು.

ನೃತ್ಯ ನನಗೆ ತಿಳಿಯಲಿಲ್ಲ. ನಾಲ್ವರು ನೆಲದ ಮೇಲೆ ಉರುಳುತ್ತಿದ್ದರು, ಸಂಗೀತವೆಂದರೆ ಯಾವುದೋ ಫ್ಯಾನಿನ ಸದ್ದು. ಅರ್ಧಕ್ಕೆ ತೂಕಡಿಸಿದೆ. ಆದರೆ ಒಂದು ಗಳಿಗೆ, ದಣಿದ ಹುಡುಗನೊಬ್ಬ ಬೆವರಿನ ಬೆನ್ನನ್ನು ಆ ಟೈಲ್ಸ್ ಗೋಡೆಗೆ ಒರಗಿಸಿ ಉಸಿರು ಬಿಟ್ಟ. ಅದು ನೃತ್ಯದ ಭಾಗವೋ ನಿಜವಾದ ಸುಸ್ತೋ ಗೊತ್ತಾಗಲಿಲ್ಲ. ಅಲ್ಲಿ ಎಷ್ಟು ಸಾವಿರ ಬೆನ್ನು ಹಾಗೆ ಒರಗಿದ್ದವೋ.

ಮೂರನೇ ದಿನ

ಮಳೆ. ಓಬರ್‌ಹೌಸೆನ್‌ಗೆ ಹೋದೆವು. ಅಲ್ಲಿ 1929ರ ಗ್ಯಾಸ್ ತೊಟ್ಟಿ, 117 ಮೀಟರ್ ಎತ್ತರದ ಉಕ್ಕಿನ ಡ್ರಮ್ಮು. ಕೆಡವುವುದೋ ಬಿಡುವುದೋ ಎಂಬ ಜಗಳ ಮುಗಿದು 1994ರಿಂದ ಪ್ರದರ್ಶನ ಶುರುವಾಯಿತು. 1999ರಲ್ಲಿ ಕ್ರಿಸ್ಟೊ ಮತ್ತು ಜಾನ್‌ಕ್ಲೋಡ್ ದಂಪತಿ 13,000 ಎಣ್ಣೆ ಪೀಪಾಯಿ ಪೇರಿಸಿ ಒಳಗೆ ಬಣ್ಣಬಣ್ಣದ ಗೋಡೆ ಎಬ್ಬಿಸಿದ್ದರು; ಊರವರು ಇಂದಿಗೂ ಅದರ ಮಾತಾಡುತ್ತಾರೆ. ಈಗಿನ ಪ್ರದರ್ಶನಕ್ಕಿಂತ ನನಗೆ ಹಿಡಿಸಿದ್ದು ಒಳಗಿನ ಪ್ರತಿಧ್ವನಿ. ಒಂದು ಮಗು ಚಪ್ಪಾಳೆ ತಟ್ಟಿತು, ಅದು ಮೇಲೆ ಹೋಗಿ ಹೋಗಿ ವಾಪಸು ಬಂತು.

ಅಲ್ಲೇ ಹತ್ತಿರ ಐಸೆನ್‌ಹೈಮ್. 1846ರಲ್ಲಿ ಕಬ್ಬಿಣದ ಕಾರ್ಖಾನೆಯವರು ಕಟ್ಟಿಸಲು ತೊಡಗಿದ ಕೂಲಿ ಕಾರ್ಮಿಕರ ಮನೆಗಳ ಸಾಲು. ನಮ್ಮ ಕಡೆಯ ‘ಲೈನ್’ ಮನೆಗಳೇ, ಆದರೆ ಹಿಂದೆ ತೋಟವಿದೆ. 1970ರ ಸುಮಾರಿಗೆ ಇವನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸುವ ಯೋಜನೆಯಾದಾಗ ಇಲ್ಲಿನ ಮುದುಕ ಮುದುಕಿಯರೇ ಎದ್ದು ನಿಂತರು. ಜೊತೆಗೆ ನಿಂತವರು ಕಲಾ ಇತಿಹಾಸದ ಮೇಷ್ಟ್ರು ರೋಲಾಂಟ್ ಗುಂಟರ್ ಮತ್ತು ಅವರ ವಿದ್ಯಾರ್ಥಿಗಳು. ಅವರು ಮಾಡಿದ್ದಾದರೂ ಏನು? ಮನೆ ಮನೆಗೆ ಹೋಗಿ ಅಳತೆ ತೆಗೆದರು, ಜನ ಬದುಕುವ ರೀತಿಯನ್ನು ಬರೆದಿಟ್ಟುಕೊಂಡರು, ಇದು ಉಳಿಸುವಂಥದು ಅಂತ ಸಾಧಿಸಿದರು. ಬಟ್ಟೆ ಒಗೆಯುವ ಮನೆ ಈಗ ಪುಟ್ಟ ಮ್ಯೂಸಿಯಂ. ಮೇಷ್ಟ್ರು ತಾವೂ ಅಲ್ಲೇ ಬಂದು ನೆಲೆಸಿದರು. ಆ ಮಾತಿಗೆ ನನಗೆ ಬೆಲೆ ಜಾಸ್ತಿ. ನಮ್ಮಲ್ಲಿ ಸೈನೈಡ್ ದಿಬ್ಬದ ಮೇಲೆ, ಅಂದರೆ ಚಿನ್ನ ತೆಗೆದು ಉಳಿದ ಪುಡಿ ಮಣ್ಣಿನ ಗುಡ್ಡೆಯ ಮೇಲೆ, ಸಿನಿಮಾದವರು ಶೂಟಿಂಗ್ ಮಾಡಿದರು, ಸೆಟ್ ಬಿಚ್ಚಿಕೊಂಡು ಹೊರಟರು.

ಕೊಡೆ ಗಾಳಿಗೆ ತಿರುಚಿ ಮುರಿಯಿತು. ಮನೆಗೆ ಬಂದು ಬಿಸಿ ಸಾರು ಅನ್ನ.

ನಾಲ್ಕನೇ ದಿನ

ಉನ್ನಾ ಎಂಬ ಸಣ್ಣ ಊರಿಗೆ ರೈಲು ಹಿಡಿಯಬೇಕಿತ್ತು, ನನ್ನ ದೆಸೆಯಿಂದ ತಪ್ಪಿತು. ಸ್ಟೇಷನ್ನಿನ ಹೊರಗೆ ಒಂದು ಪೆಟ್ಟಿಗೆ ಅಂಗಡಿ. ಪೇಪರು, ಸಿಗರೇಟು, ಪೆಪ್ಪರಮಿಂಟು, ತಣ್ಣನೆಯ ಸೋಡ. ಈ ಸೀಮೆಯಲ್ಲಿ ಇಂಥವು ಗಲ್ಲಿಗೊಂದು. ಹಿಂದೆ ಕಾರ್ಮಿಕರಿಗೆ ಕುಡಿಯಲು ಒಳ್ಳೆಯ ನೀರು ಸಿಗಲಿ ಅಂತ ಶುರುವಾದವಂತೆ. ಚಿಲ್ಲರೆ ಎಣಿಸಿಕೊಡುವಷ್ಟರಲ್ಲಿ ರೈಲು ಹೊರಟಿತ್ತು. “ಮಾಮ, ಪೆಪ್ಪರಮಿಂಟ್‌ಗೋಸ್ಕರ ಟೂರು ಕಳಕೊಂಡ್ವಿ” ಅಂತ ಸೊಸೆ ದಾರಿಯುದ್ದಕ್ಕೂ ಗೊಣಗಿದಳು. ಸರಿಯೇ, ಅಲ್ಲಿ ಆವತ್ತು ಗೈಡಿನ ಜೊತೆಯಲ್ಲದೆ ಇಳಿಯಲು ಬಿಡುತ್ತಿರಲಿಲ್ಲ. ಮುಂದಿನ ಸರದಿಗೆ ಕಾದೆವು.

ಇಳಿದದ್ದು 1979ರಲ್ಲಿ ಮುಚ್ಚಿದ ಬಿಯರ್ ಕಾರ್ಖಾನೆಯ ನೆಲಮಾಳಿಗೆಗೆ. 2001ರಿಂದ ಅದು ಬೆಳಕಿನ ಕಲೆಗೆ ಮೀಸಲಾದ ಮ್ಯೂಸಿಯಂ. ಬಿಯರ್ ಹುದುಗಿಸಲು ತಂಪೂ ಕತ್ತಲೆಯೂ ಬೇಕಿತ್ತು. ಬೆಳಕಿನ ಕಲಾವಿದನಿಗೆ ಬೇಕಾದದ್ದೂ ಕತ್ತಲೆಯೇ. ಕಟ್ಟಡಕ್ಕೂ ಹೊಸ ಕೆಲಸಕ್ಕೂ ಇಷ್ಟು ಸರಿಯಾಗಿ ಕೂಡಿಬಂದ ಜೋಡಿ ನಾನು ಬೇರೆಲ್ಲೂ ಕಾಣಲಿಲ್ಲ. ಒಂದು ಮಾಳಿಗೆಯಲ್ಲಿ ಓಲಾಫರ್ ಎಲಿಯಾಸನ್ ಮಾಡಿದ ಓಣಿ: ಎರಡು ಬದಿಗೂ ಮೇಲಿನಿಂದ ನೀರಿನ ಪರದೆ, ಪಟಪಟ ಹೊತ್ತಿ ಆರುವ ದೀಪ. ಆ ದೀಪದಲ್ಲಿ ಬೀಳುವ ಹನಿ ಬೀಳುವುದೇ ಇಲ್ಲ, ಗಾಜಿನ ಮಣಿಯ ಹಾಗೆ ಗಾಳಿಯಲ್ಲಿ ನಿಂತುಬಿಡುತ್ತದೆ. ಕೈ ಚಾಚಿದೆ. ನಿಂತಿದ್ದ ಹನಿ ಅಂಗೈ ಒದ್ದೆ ಮಾಡಿತು. ನೆಲದಡಿ ನೀರು ತೊಟ್ಟಿಕ್ಕುವ ಸದ್ದು ಗಣಿಯವರ ಮಕ್ಕಳಿಗೆ ಒಳ್ಳೆಯ ಸದ್ದಲ್ಲ. ಮೊದಲು ಎದೆ ಝಲ್ಲೆಂದಿತು, ಆಮೇಲೆ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ.

ಬರುವಾಗ ಡಾರ್ಟ್‌ಮುಂಡ್‌ನಲ್ಲಿ ಇಳಿದೆವು. ಸ್ಟೇಷನ್ನಿನ ಹತ್ತಿರವೇ ಇನ್ನೊಂದು ಬಿಯರ್ ಕಾರ್ಖಾನೆಯ ಗೋಪುರ, ನೆತ್ತಿಯ ಮೇಲೆ ಚಿನ್ನದ ಬಣ್ಣದ ದೊಡ್ಡ ‘ಯು’ ಅಕ್ಷರ. ಈಗ ಕಲಾಕೇಂದ್ರ. ಗೋಪುರದ ಮೇಲ್ಭಾಗಕ್ಕೆ ಸಿನಿಮಾ ನಿರ್ದೇಶಕ ಅಡಾಲ್ಫ್ ವಿಂಕೆಲ್‌ಮನ್ 2010ರಿಂದ ಚಲಿಸುವ ಚಿತ್ರ ಹಾಕಿದ್ದಾರೆ. ನಾವು ನೋಡುವಾಗ ದೈತ್ಯ ಪಾರಿವಾಳಗಳು ಕಂಬಗಳ ನಡುವೆ ರೆಕ್ಕೆ ಬಡಿಯುತ್ತಿದ್ದವು. ಪಾರಿವಾಳದ ರೇಸು ಇಲ್ಲಿನ ಗಣಿ ಕಾರ್ಮಿಕರ ಹುಚ್ಚು. ಬಡವನ ರೇಸ್ ಕುದುರೆ ಅನ್ನುತ್ತಾರಂತೆ. ಚೌಕದಲ್ಲಿ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ, ಅಷ್ಟು ಅಭ್ಯಾಸವಾಗಿದೆ.

ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, ಇಷ್ಟೆಲ್ಲ ಮಾಡಿದ ಮೇಲೆ ಗಣಿಯ ಕೆಲಸದಷ್ಟು ಕೆಲಸ ಬಂತೇನಮ್ಮ? “ಎಲ್ಲಿ ಮಾಮ! ಮೊನ್ನೆ ಟ್ರಾಮಲ್ಲಿ ನೋಡಿದ್ಯಲ್ಲ. ಮ್ಯೂಸಿಯಂ ಎಷ್ಟು ಜನಕ್ಕೆ ಸಂಬಳ ಕೊಡುತ್ತೆ? ಆದ್ರೆ ನನ್ನ ಆಫೀಸಲ್ಲಿ ಇಲ್ಲೇ ಹುಟ್ಟಿದವರು ನಾಲ್ಕು ಜನ ಇದಾರೆ. ಅವರ ಅಪ್ಪಂದಿರು ಊರು ಹೇಳೋಕೆ ನಾಚ್ಕೊಳ್ತಿದ್ರಂತೆ, ಇವರು ಹೆಡ್‌ಗೇರ್ ಚಿತ್ರದ ಟೀಶರ್ಟ್ ಹಾಕ್ಕೊಂಡು ಬರ್ತಾರೆ.” ಅಂಥ ಟೀಶರ್ಟಿಗೂ ಮುಂಚೆ ಅದನ್ನು ಚಿತ್ರವಾಗಿ ಕಂಡವರು ಬೆರ್ನ್ಡ್ ಮತ್ತು ಹಿಲ್ಲಾ ಬೆಶರ್ ಎಂಬ ಗಂಡ ಹೆಂಡತಿ. ಮೋಡ ಕವಿದ ದಿನ ನೋಡಿ ನೋಡಿ ಹೆಡ್‌ಗೇರ್, ನೀರಿನ ಟ್ಯಾಂಕು, ಊದುಕುಲುಮೆಗಳ ಕಪ್ಪು ಬಿಳುಪು ಫೋಟೊ ತೆಗೆಯುತ್ತಾ ಹೋದರು, ಮದುವೆಗೆ ಹುಡುಗಿಯ ಫೋಟೊ ತೆಗೆದ ಹಾಗೆ ಒಂದೇ ಭಂಗಿ. 1990ರಲ್ಲಿ ವೆನಿಸ್ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನದಲ್ಲಿ ಈ ಫೋಟೊಗಳಿಗೆ ಬಂದದ್ದು ಶಿಲ್ಪಕಲೆಯ ಬಹುಮಾನ!

ಐದನೇ ದಿನ

ಡ್ಯೂಸ್‌ಬುರ್ಗ್. 1985ರಲ್ಲಿ ಆರಿದ ಕಬ್ಬಿಣದ ಕಾರ್ಖಾನೆ ಈಗ ಉದ್ಯಾನ. ಭೂದೃಶ್ಯ ವಿನ್ಯಾಸಕ ಪೀಟರ್ ಲಾಟ್ಸ್ ಹೆಚ್ಚಿನದನ್ನು ಕೆಡವದೆ ಉಳಿಸಿಕೊಂಡು, ಊದುಕುಲುಮೆಯ ನಡುವೆ ದಾರಿ ಬಿಡಿಸಿ ಗಿಡ ಬೆಳೆಸಿದ್ದಾರೆ. ಗ್ಯಾಸ್ ತೊಟ್ಟಿಗೆ ನೀರು ತುಂಬಿ ಜನ ಮುಳುಗು ಹಾಕುವುದನ್ನು ಕಲಿಯುತ್ತಾರೆ. ಅದಿರಿನ ಗೋಡೆಗೆ ಹುಡುಗರು ಹಗ್ಗ ಕಟ್ಟಿ ಹತ್ತುತ್ತಾರೆ. ರಾತ್ರಿ ಬಣ್ಣದ ದೀಪ ಹಾಕುತ್ತಾರಂತೆ, 1996ರಲ್ಲಿ ಜೊನಾಥನ್ ಪಾರ್ಕ್ ಮಾಡಿಕೊಟ್ಟದ್ದು. ನಾವು ಹಗಲಲ್ಲೇ ಮುಗಿಸಿ ಹೊರಟೆವು, ನನ್ನ ಮನಸ್ಸೆಲ್ಲ ಮುಂದಿನ ಜಾಗದ ಮೇಲಿತ್ತು.

ಅದು ಊರಿನ ದಕ್ಷಿಣಕ್ಕೆ ಒಂದು ದಿಬ್ಬ. ದಿಬ್ಬದ ಹೊಟ್ಟೆಯಲ್ಲಿರುವುದು ಸತುವಿನ ಕಾರ್ಖಾನೆಯ ವಿಷದ ಕಸ. ಕಾರ್ಖಾನೆ ಮುಚ್ಚಿದ ಮೇಲೆ ಕಸ ಹೊರಬರದಂತೆ ಮುಚ್ಚಿ, ಮೇಲೆ ಮಣ್ಣು ಹರಡಿ ಹುಲ್ಲು ಬೆಳೆಸಿದರು. 2011ರಲ್ಲಿ ಹೈಕೆ ಮುಟರ್ ಮತ್ತು ಉಲ್ರಿಷ್ ಗೆಂತ್ ಎಂಬ ಕಲಾವಿದರು ಅದರ ನೆತ್ತಿಯ ಮೇಲೆ ‘ಟೈಗರ್ ಅಂಡ್ ಟರ್ಟಲ್’ ನಿಲ್ಲಿಸಿದರು. ದೂರದಿಂದ ಜಾತ್ರೆಯ ರೋಲರ್ ಕೋಸ್ಟರ್. ಹತ್ತಿರ ಹೋದರೆ ಹಳಿಯ ಜಾಗದಲ್ಲಿ ಮೆಟ್ಟಿಲು, 249. ಹುಲಿಯ ವೇಗ ಕಣ್ಣಿಗೆ, ಆಮೆಯ ನಡಿಗೆ ಕಾಲಿಗೆ. ಉಕ್ಕಿಗೆ ಸತುವಿನದೇ ಲೇಪ, ಕೆಳಗೆ ಹೂತದ್ದೇ ಮೇಲೆ ಹೊಳೆಯುತ್ತಿದೆ. ಮೆಟ್ಟಿಲು ಪೂರ್ತಿ ತಲೆಕೆಳಗಾಗುವ ಸುತ್ತಿನೊಳಕ್ಕೆ ಮಾತ್ರ ಯಾರೂ ಹೋಗಲಾರರು, ಅಲ್ಲಿ ದಾರಿ ಮುಚ್ಚಿದ್ದಾರೆ.

ಹತ್ತಿದೆ. ಗಾಳಿಗೆ ಮೆಟ್ಟಿಲು ಸಣ್ಣಗೆ ನಡುಗುತ್ತಿತ್ತು, ಕಂಬಿ ಬಿಡಲಿಲ್ಲ. ಒಂದು ಕಡೆ ರೈನ್ ನದಿ, ಇನ್ನೊಂದು ಕಡೆ ಈಗಲೂ ಹೊಗೆ ಬಿಡುತ್ತಿರುವ ಉಕ್ಕಿನ ಕಾರ್ಖಾನೆ. ಕೆಳಗೆ ಹುಲ್ಲಿನ ಮೇಲೆ ಹೆಂಗಸೊಬ್ಬರು ನಾಯಿ ಆಡಿಸುತ್ತಿದ್ದರು. ನಮ್ಮ ಸೈನೈಡ್ ದಿಬ್ಬಗಳಲ್ಲಿ ಮೂರು ಕೋಟಿ ಟನ್ನಿಗೂ ಮಿಕ್ಕಿ ಪುಡಿ ಮಣ್ಣು ಬಿದ್ದಿದೆ, ಚಿಕ್ಕಂದಿನಲ್ಲಿ ನಾವು ಅದರ ಮೇಲಿಂದ ರಟ್ಟು ಹಾಕಿಕೊಂಡು ಜಾರುತ್ತಿದ್ದೆವು, ಮನೆಗೆ ಹೋದರೆ ಏಟು.

ಅಕ್ಕ ಇನ್ನೂ ಚಾಂಪಿಯನ್ ರೀಫ್‌ನ ಹಳೇ ಮನೆಯಲ್ಲೇ ಇದ್ದಾಳೆ. ಮೇಲಿನಿಂದಲೇ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ಸಂಜೆ. ಫೋನು ತಿರುಗಿಸಿ ಮೆಟ್ಟಿಲು, ನದಿ, ಹುಲ್ಲು ಎಲ್ಲ ತೋರಿಸಿದೆ.

“ಇದು ಏನೋ, ಜಾತ್ರೇನಾ?”

“ಅಲ್ಲಕ್ಕ, ಡಂಪು. ನಮ್ಮ ಸೈನೈಡ್ ಡಂಪ್ ಇದೆಯಲ್ಲ, ಆ ಥರದ್ದು. ಮೇಲೆ ಹುಲ್ಲು ಬೆಳೆಸಿದ್ದಾರೆ.”

“ಡಂಪಿನ ಮೇಲೆ ಹುಲ್ಲಾ?” ಅಂದಳು. ಇನ್ನೂ ಏನೋ ಕೇಳುವವಳಿದ್ದಳು, ಅಷ್ಟರಲ್ಲಿ ಅಲ್ಲಿ ಏನೋ ಪಟಾರನೆ ಬಡಿದ ಸದ್ದು. “ಇರು ಇರು, ಗಾಳಿ ಎದ್ದಿದೆ, ದೂಳು ಬರ್ತಾ ಇದೆ. ಕಿಟಕಿ ಹಾಕ್ಕೊಂಡು ಬರ್ತೀನಿ. ಇಡಬೇಡ.”

ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಹೋದಳು. ಪರದೆಯಲ್ಲಿ ನಮ್ಮ ಮನೆಯ ತಗಡಿನ ಸೂರು, ತಿರುಗುವ ಫ್ಯಾನು. ಒಂದೊಂದೇ ಕಿಟಕಿಯ ಚಿಲಕ ಬೀಳುವುದು ಕೇಳಿಸುತ್ತಿತ್ತು. ಆ ಮನೆಗೆ ಕಿಟಕಿ ಆರು. ನಾನು ಕಂಬಿ ಹಿಡಿದುಕೊಂಡು ಎಣಿಸುತ್ತಾ ನಿಂತೆ.